ಎಡ ರೆಕ್ಕೆಯ ಗಂಜಿ

ಹೋದ ವಾರ ಬೈಲಹೊಂಗಲದ ಕಾಲೇಜಿನ ಮೈದಾನದಲ್ಲಿ ಒಬ್ಬ ಹುಡುಗ ತಾನೇ ಮಾಡಿದ ವಿಮಾನ ಹಾರಿಸಿದ. ಕೈಯಲ್ಲೊಂದು ಡಬ್ಬಿ, ಡಬ್ಬಿಗೊಂದು ಕಡ್ಡಿ, ಅಷ್ಟೇ. ದಾರ ಇಲ್ಲ. ರೇಡಿಯೋದಿಂದ ನಡೆಯುತ್ತದಂತೆ. ಮೊಮ್ಮಗಳು ನನ್ನನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿ ಕೂರಿಸಿದ್ದಳು. ವಿಮಾನ ಎರಡು ಸುತ್ತು ಚೆನ್ನಾಗಿ ಸುತ್ತಿತು, ಮೂರನೆಯದಕ್ಕೆ ಬೇವಿನ ಮರಕ್ಕೆ ಬಡಿದು ಪುಡಿಪುಡಿಯಾಯಿತು. ಹುಡುಗ ನಗುತ್ತಲೇ ಮೈಕು ಹಿಡಿದು, "ಬಿದ್ದದ್ದು ನನ್ನ ತಪ್ಪರಿ. ಹಾರಿದ್ದು ಮಾತ್ರ ರೆಕ್ಕಿ ಛಲೋ ಇದ್ದದ್ದಕ್ಕ. ರೆಕ್ಕಿ ಮಾಡಿದಾಕಿ ನನ್ನ ತಂಗಿ, ಅಲ್ಲಿ ಕುಂತಾಳ ನೋಡ್ರಿ" ಅಂದ. ಮಂದಿ ಅವಳ ಕಡೆ ತಿರುಗಿ ಚಪ್ಪಾಳೆ ತಟ್ಟಿದರು.

ನನಗೆ ಮೈಯೆಲ್ಲ ಉರಿಯಿತು. ಮೊಮ್ಮಗಳು ಬಿಸಿಲಿಗೆ ಹೀಗಾಯಿತೆಂದು ನೀರು ತಂದು ಕೊಟ್ಟಳು. ಬಿಸಿಲಲ್ಲ. ಎರಡು ಮಾತು, ಉಗುಳು ನುಂಗುವಷ್ಟು ಹೊತ್ತು. ಇಷ್ಟು ಸುಲಭದ ಮಾತು ನನ್ನ ಅಣ್ಣನ ಬಾಯಿಂದ ಬರಬೇಕಾದಲ್ಲಿ ಬರಲಿಲ್ಲ. ಅವನು ಸತ್ತು ಇಪ್ಪತ್ತು ವರ್ಷವಾಯಿತು, ನನಗೆ ಎಂಬತ್ತು ದಾಟಿತು, ಆ ಸಿಟ್ಟು ಇನ್ನೂ ಬಿಸಿಯಾಗಿದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಹಾಗೆ ಅನ್ನುವವರಿಗೆ ಅಣ್ಣಂದಿರು ಇರಲಿಲ್ಲವೆಂದು ಕಾಣುತ್ತದೆ.

ನಮ್ಮದು ನೇಕಾರರ ಮನೆ. ಬೈಲಹೊಂಗಲದಲ್ಲಿ ಅಪ್ಪನ ಎರಡು ಕುಣಿಮಗ್ಗ ಇದ್ದವು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಗಂಡಸರು ನೇಯುತ್ತಿದ್ದರು. ಹೆಂಗಸರದು ನೂಲು ಸುತ್ತುವ ಕೆಲಸ, ಎಳೆ ಹರಿಯದಂತೆ ಗಂಜಿ ಹಚ್ಚುವ ಕೆಲಸ. ಸೀರೆ ಸಂತೆಗೆ ಹೋದಾಗ 'ಯಾರು ನೇಯ್ದದ್ದು' ಎಂದು ಕೇಳುತ್ತಾರೆ. 'ಗಂಜಿ ಯಾರು ಹಚ್ಚಿದ್ದು' ಎಂದು ಒಬ್ಬರೂ ಕೇಳಿದ್ದನ್ನು ನಾನು ಕಾಣೆ. ಗಂಜಿ ಇಲ್ಲದ ನೂಲಿನಲ್ಲಿ ಒಂದು ಗೇಣು ನೇಯ್ದು ತೋರಿಸಲಿ, ಆಮೇಲೆ ಮಾತಾಡೋಣ.

ಹದಿಮೂರಕ್ಕೆ ನನ್ನನ್ನು ರಾಮದುರ್ಗಕ್ಕೆ ಕೊಟ್ಟರು. ಅದೂ ಮಗ್ಗದ ಮನೆಯೇ. ಪ್ರತಿ ಶ್ರಾವಣದಲ್ಲಿ ಪಂಚಮಿಗೆ ಅಣ್ಣ ಗಾಡಿ ಕಟ್ಟಿಕೊಂಡು ಬಂದು ನನ್ನನ್ನು ತವರಿಗೆ ಕರೆದೊಯ್ಯುತ್ತಿದ್ದ. ನನಗೆ ಹದಿನೇಳಾದಾಗ, ಜರ್ಮನಿಯ ಲಡಾಯಿ ನಡೆದಿದ್ದ ಕಾಲ, ಹಾಗೆಯೇ ಬಂದ. ಅವನಿಗೆ ಆಗ ಹತ್ತೊಂಬತ್ತು. ಗಾಡಿ ಸಾಲಹಳ್ಳಿ ದಾಟಿದ ಮೇಲೆ ಅಂಗಿಯೊಳಗಿಂದ ಮಡಚಿದ ಕಾಗದ ತೆಗೆದ. ಧಾರವಾಡದಲ್ಲಿ ನೂಲು ಕೊಂಡಾಗ ಅಂಗಡಿಯವನು ಅದನ್ನು ಸುತ್ತಿಕೊಟ್ಟ ವರ್ತಮಾನಪತ್ರ. ಅದರಲ್ಲಿ ವಿಮಾನದ ಚಿತ್ರ ಇತ್ತು.

"ಇದನ್ನ ಮಾಡೂಣು" ಅಂದ.

"ಯಾರು?"

"ನಾನು, ನೀನು. ಮತ್ಯಾರ ಅದಾರ?"

ಆ ಮಾತನ್ನು ನಾನು ಗಂಟು ಕಟ್ಟಿ ಇಟ್ಟುಕೊಂಡೆ. ನಾನು, ನೀನು ಅಂದಿದ್ದ. ಎತ್ತುಗಳನ್ನು ಬಿಟ್ಟರೆ ಕೇಳಿದವರು ಯಾರೂ ಇರಲಿಲ್ಲ.

ಅಣ್ಣ ಒಳ್ಳೆಯವನು. ಇದನ್ನು ಹೇಳಲೇಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ಅರ್ಥವಾಗುವುದಿಲ್ಲ. ಇರುವೆಯನ್ನೂ ದಾಟಿ ನಡೆಯುವ ಜಾತಿಯವನು. ಯಾರ ಎದುರೂ ದನಿ ಏರಿಸಿದವನಲ್ಲ. ನನ್ನದು ಉಲ್ಟಾ. "ಇಕಿನ ಹಡಿಯೂ ಮುಂದ ಒಲಿಯಾಗ ಮೆಣಸಿನಕಾಯಿ ಬಿದ್ದಿತ್ತು" ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಕೆಟ್ಟವರ ಜೊತೆ ಜಗಳ ಆಡಬಹುದು. ಒಳ್ಳೆಯವನ ಜೊತೆ ಜಗಳ ತೆಗೆದರೆ ಊರೆಲ್ಲ ಅವನ ಕಡೆಗೇ.

ಅಣ್ಣ ಬಿದಿರು ಸೀಳಿ ವಿಮಾನದ ಎಲುಬು ಕಟ್ಟಿದ. ಉದ್ದ ನನ್ನ ಎರಡು ಮೊಳ. ಹಗುರಾದ ಕಟ್ಟಿಗೆಯಲ್ಲಿ ಮೂಗಿನ ಪಂಖ ಕೆತ್ತಿದ. ಸೈಕಲ್ಲಿನ ಹಳೆಯ ಟ್ಯೂಬನ್ನು ಕತ್ತರಿಸಿ ಪಟ್ಟಿ ಮಾಡಿ ಹೊಟ್ಟೆಯೊಳಗೆ ಬಿಗಿದ. ಪಂಖವನ್ನು ಬೆರಳಿನಿಂದ ತಿರುವಿ ತಿರುವಿ ಬಿಟ್ಟರೆ ರಬ್ಬರಿನ ಹುರಿ ಬಿಚ್ಚಿಕೊಂಡು ಪಂಖ ಭರ್ರನೆ ತಿರುಗುತ್ತಿತ್ತು. ಇಷ್ಟು ಅವನದು. ಅದರಲ್ಲಿ ಪಾಲು ಕೇಳುವವಳಲ್ಲ ನಾನು.

ರೆಕ್ಕೆಗೆ ಅವನು ಗಾಳಿಪಟದ ಕಾಗದ ಅಂಟಿಸಿದ. ಮೊದಲ ದಿನವೇ ಹರಿಯಿತು, ಎರಡನೆಯ ದಿನವೂ ಹರಿಯಿತು. ಮೂರನೆಯ ದಿನ ನಾನು ಅಪ್ಪನ ಹಳೆಯ ತೆಳು ಧೋತರ ಹರಿದು, ಎಳೆ ನೋಡಿ ಅಡ್ಡಡ್ಡ ಕತ್ತರಿಸಿ, ಬಿದಿರಿನ ಮೇಲೆ ಹೊಲಿದೆ. ಹೊಲಿದ ಮೇಲೆ ಜೋಳದ ತಿಳಿ ಗಂಜಿ ಹಚ್ಚಿ ನೆರಳಲ್ಲಿ ಒಣಗಿಸಿದೆ, ಎರಡೂ ಕಡೆ ಒಂದೇ ಹದ. ಒಣಗಿದಾಗ ಬೆರಳಿಂದ ಮೀಟಿದರೆ ಹಲಗೆಯ ಹಾಗೆ ಸದ್ದು ಬರುತ್ತಿತ್ತು. ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿ ಜೀಕುತ್ತಿದ್ದರು, ನಾನು ಪಡಸಾಲೆಯಲ್ಲಿ ಕೂತು ಸೂಜಿ ಹಾಕುತ್ತಿದ್ದೆ.

ಊರ ಹೊರಗಿನ ಬೀಳುಹೊಲದಲ್ಲಿ ಬಿಟ್ಟರೆ ವಿಮಾನ ಏಳುತ್ತಿತ್ತು, ಆದರೆ ಎತ್ತ ಬೇಕಾದತ್ತ ಹೋಗಿ ಮೂಗು ಊರುತ್ತಿತ್ತು. ಅಣ್ಣ ತಲೆ ಕೆರೆದುಕೊಂಡು ಕೂತ. ದಾರಿ ಹೊಳೆದದ್ದು ನನಗೆ. ಅಪ್ಪ ಮಗ್ಗದಲ್ಲಿ ನೇಯುವಾಗ ಕಾಲಿನಿಂದ ಒಂದು ಹಲಗೆ ತುಳಿದರೆ ದಾರ ಜಗ್ಗಿ ಅರ್ಧ ಎಳೆಗಳು ಮೇಲೇಳುತ್ತವೆ, ಇನ್ನೊಂದು ತುಳಿದರೆ ಅವು ಇಳಿದು ಉಳಿದರ್ಧ ಏಳುತ್ತವೆ. ಹುಟ್ಟಿದಾಗಿನಿಂದ ಅದನ್ನೇ ನೋಡಿದವಳು ನಾನು. ವಿಮಾನದ ಬಾಲಕ್ಕೆ ಮಡಚುವ ಪಟ್ಟಿ ಇಟ್ಟು, ಅದಕ್ಕೆ ಎರಡು ದಾರ ಕಟ್ಟಿ, ದಾರದ ತುದಿಗಳನ್ನು ಒಂದು ಕೋಲಿಗೆ ಬಿಗಿ ಅಂದೆ. ನಡುವೆ ನಿಂತು ಕೋಲು ಹಿಡಿ, ವಿಮಾನ ನಿನ್ನ ಸುತ್ತ ಸುತ್ತಲಿ. ಒಂದು ದಾರ ಜಗ್ಗಿದರೆ ಏರುತ್ತದೆ, ಇನ್ನೊಂದು ಜಗ್ಗಿದರೆ ಇಳಿಯುತ್ತದೆ.

ಅಣ್ಣ ಬಹಳ ಹೊತ್ತು ಮಗ್ಗ ನೋಡಿದ. "ಹೌದಲ್ಲ" ಅಂದ.

ಮರುದಿನ ವಿಮಾನ ನಿಂತವನ ಸುತ್ತ ಸುತ್ತಿತು. ಅಣ್ಣ ಒಂದೇ ಒಂದು ಸಲ ಕೋಲನ್ನು ನನ್ನ ಕೈಗೂ ಕೊಟ್ಟ. ಎರಡು ಸುತ್ತು. ದಾರದ ಆಚೆ ತುದಿಯಲ್ಲಿ ಅದು ಜಗ್ಗುವುದು ಅಂಗೈಗೆ ಗೊತ್ತಾಗುತ್ತಿತ್ತು. ನನ್ನ ಇಡೀ ಜನ್ಮದಲ್ಲಿ ಅಷ್ಟು ಖುಷಿ ಇನ್ನೊಂದು ಸಲ ಆಗಿಲ್ಲ, ನನ್ನ ಮಕ್ಕಳು ಇದನ್ನು ಓದಿದರೆ ಓದಲಿ.

ಅಂದು ಸಂಜೆ ಊಟಕ್ಕೆ ಕೂತಾಗ ಅಣ್ಣ ಅಪ್ಪನಿಗೆ ಹೇಳಿದ: "ನನಗೊಂದು ವಿಚಾರ ಬಂತಪಾ, ಮಗ್ಗ ನೋಡಿ." ಅಪ್ಪ ತುತ್ತು ನಿಲ್ಲಿಸಿ ಮಗನನ್ನು ನೋಡಿದ ಆ ನೋಟ ಇದೆಯಲ್ಲ, ಅಂಥದ್ದು ನನ್ನ ಮೇಲೆ ಒಂದು ದಿನವೂ ಬಿದ್ದಿರಲಿಲ್ಲ. ನಾನು ರೊಟ್ಟಿ ಬಡಿಯುತ್ತಿದ್ದೆ. ಮುಂದಿನ ರೊಟ್ಟಿ ಹರಿಯುವವರೆಗೆ ಬಡಿದೆ.

ಹಿತ್ತಲಲ್ಲಿ ಅವನನ್ನು ಹಿಡಿದು ಕೇಳಿದೆ. "ವಿಚಾರ ಯಾರದು?"

"ಮನಿ ವಿಚಾರ ಅಂದ್ರ ಎಲ್ಲಾರದೂ ಆತಲ್ಲ, ತಂಗಿ."

"ಎಲ್ಲಾರದೂ ಆದ್ರ ನನಗ ಬಂತು ಅಂತ ಯಾಕ ಅಂದಿ?"

ಅವನು ನೆಲ ನೋಡಿದ. ಆಗ ನಾನು ಒಂದೇ ಒಂದು ಕೇಳಿದೆ. ಪಂಚಮಿಯ ಮುಂದಿನ ವಾರ ಕಿತ್ತೂರಿನಲ್ಲಿ ಸೋದರಮಾವ ನಾಲ್ಕು ಮಂದಿಯನ್ನು ಕರೆದು ವಿಮಾನ ತೋರಿಸಬೇಕೆಂದು ಹೇಳಿ ಕಳಿಸಿದ್ದ. ಅಲ್ಲಿ ಎಲ್ಲರ ಎದುರು ಹೇಳಬೇಕು, ರೆಕ್ಕೆ ನನ್ನ ತಂಗಿ ಮಾಡಿದ್ದು, ದಾರ ಅವಳ ವಿಚಾರ ಎಂದು. ಅದಾದ ಮೇಲೆ ನಾನು ರಾಮದುರ್ಗಕ್ಕೆ ಹೋಗಿ ವರ್ಷವಿಡೀ ಯಾರದೋ ನೂಲಿಗೆ ಗಂಜಿ ಹಚ್ಚುತ್ತೇನೆ, ಬಾಯಿ ತೆರೆಯುವುದಿಲ್ಲ.

"ಹೇಳತೇನಿ" ಅಂದ.

"ಎಲ್ಲವ್ವನ ಆಣಿ ಮಾಡು."

"ಆಣಿ ಯಾಕ? ಹೇಳತೇನಿ ಅಂದ್ನಲ್ಲ." ಆಣೆ ಮಾಡಿಸಿಕೊಳ್ಳದೆ ಬಿಟ್ಟದ್ದು ನನ್ನ ಮೊದಲ ತಪ್ಪು.

ಕಿತ್ತೂರಿಗೆ ಗಾಡಿಯಲ್ಲಿ ಹೊರಟೆವು, ಅಪ್ಪ, ಅವ್ವ, ಅಣ್ಣ, ನಾನು. ವಿಮಾನಕ್ಕೆ ಕೌದಿ ಸುತ್ತಿ ನನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಸಂಪಗಾಂವ ದಾಟುವಾಗ ಜಿಟಿಜಿಟಿ ಮಳೆ ಹಿಡಿಯಿತು. ಎಡಗಡೆ ಕೂತವಳು ನಾನು, ಎರಚಲು ಆ ಕಡೆಯಿಂದಲೇ ಬಂತು. ಮರುದಿನ ಬೆಳಿಗ್ಗೆ ಮಾವನ ಮನೆಯಲ್ಲಿ ಕೌದಿ ಬಿಚ್ಚಿದರೆ ಎಡ ರೆಕ್ಕೆಯ ಬಟ್ಟೆ ಸಡಿಲಾಗಿ ಜೋತಿತ್ತು. ಬಲದ್ದು ಸರಿ ಇತ್ತು.

ನೇಕಾರರ ಮನೆಯಲ್ಲಿ ಹುಟ್ಟಿದವಳು ಸಡಿಲಾದದ್ದನ್ನು ಕಂಡರೆ ಏನು ಮಾಡುತ್ತಾಳೆ? ಗಂಜಿ ಹಚ್ಚುತ್ತಾಳೆ. ಬಿಗಿಯಾದದ್ದು ಒಳ್ಳೆಯದು, ಇನ್ನೂ ಬಿಗಿಯಾದದ್ದು ಇನ್ನೂ ಒಳ್ಳೆಯದು, ನಮ್ಮಲ್ಲಿ ಕಲಿಸುವುದೇ ಅದು. ಅತ್ತೆಯ ಒಲೆಯಲ್ಲಿ ಜೋಳದ ಹಿಟ್ಟು ಕುದಿಸಿ, ಈ ಸಲ ಗಟ್ಟಿಯಾಗಿಯೇ ಕಾಯಿಸಿ, ಎಡ ರೆಕ್ಕೆಯ ಮೇಲ್ಮೈಗೆ ಎರಡು ಕೈ ಬಳಿದೆ. ಬಿಸಿಲು ಇರಲಿಲ್ಲ. ಕೆಂಡದ ಮುಂದೆ ಹಿಡಿದು ಒಣಗಿಸಿದೆ. ಬಟ್ಟೆ ಬಿಗಿಯಿತು. ಮೀಟಿದೆ, ಸದ್ದು ಚೆನ್ನಾಗಿ ಬಂತು.

ಮಗ್ಗದ ಮೇಲಿನ ನೂಲು ಎಷ್ಟು ಬಿಗಿದರೂ ಎರಡು ಕಡೆ ದಪ್ಪ ಕಟ್ಟಿಗೆ ತಡೆದು ಹಿಡಿದಿರುತ್ತದೆ. ಇಲ್ಲಿ ಇದ್ದದ್ದು ಕಡ್ಡಿಯಷ್ಟು ಬಿದಿರು. ಒಂದೇ ಮೈಗೆ ಬಳಿದ ಗಂಜಿ ಒಣಗುತ್ತ ಅದನ್ನು ತಿರುಚುತ್ತದೆ ಎಂದು ನನಗೆ ಹೊಳೆಯಲಿಲ್ಲ. ಅಣ್ಣನಿಗೆ ತೋರಿಸಿದ್ದರೆ ಕಣ್ಣಿಗೆ ಹಿಡಿದು ನೋಡುತ್ತಿದ್ದ, ಗೊತ್ತಾಗುತ್ತಿತ್ತು. ತೋರಿಸಲಿಲ್ಲ. ತೋರಿಸಿದರೆ ಇದನ್ನೂ 'ನನಗೊಂದು ವಿಚಾರ ಬಂತು' ಅನ್ನುತ್ತಾನೆ ಎಂದುಕೊಂಡೆ. ಕೌದಿ ಸುತ್ತಿ ಕೊಟ್ಟುಬಿಟ್ಟೆ.

ಕೋಟೆಯ ಒಳಗೆ, ಬಿದ್ದ ಗೋಡೆಗಳ ನಡುವಿನ ಬಯಲಿನಲ್ಲಿ ಐವತ್ತು ಮಂದಿ ಸೇರಿದ್ದರು. ಸಂತೆಗೆ ಬಂದವರೂ ಗಂಟು ಹೊತ್ತುಕೊಂಡೇ ನಿಂತಿದ್ದರು. ನಾವು ಹೆಂಗಸರು ಗೋಡೆಯ ಬುಡದಲ್ಲಿ. ಸಾಲೆಯ ಮಾಸ್ತರರು ರುಮಾಲು ಸುತ್ತಿ ಬಂದು ವಿಮಾನವನ್ನು ಮುಟ್ಟಿ ನೋಡಿದರು. ರೆಕ್ಕೆಯ ಮೇಲೆ ಕೈಯಾಡಿಸಿ, "ಇದು ಭಾಳ ನಾಜೂಕ ಕೆಲಸ. ಯಾರು ಮಾಡಿದ್ದು?" ಎಂದು ಕೇಳಿದರು.

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ದೇವರೂ ಕಳಿಸಲಾರ. ನಾನು ಸೆರಗು ಸರಿಮಾಡಿಕೊಂಡೆ.

"ನಮ್ಮ ಅಳಿಯಾ ಮಾಡ್ಯಾನರಿ, ಒಬ್ಬನ" ಎಂದು ಮಾವ ಅಂದ.

ಅಣ್ಣ ನನ್ನ ಕಡೆ ನೋಡಿದ. ಅಪ್ಪನ ಕಡೆ ನೋಡಿದ. "ಮನ್ಯಾಗ ಮಾಡಿದ್ದರಿ" ಅಂದ.

ಮನೆಯಲ್ಲಿ ಮಾಡಿದ್ದು. ಗೋಡೆ ಮಾಡಿತೇ? ತೊಲೆ ಮಾಡಿತೇ? ಅವನ ಮಟ್ಟಿಗೆ ಅದು ಸುಳ್ಳಲ್ಲ. ಯಾರಿಗೂ ನೋವಾಗದ ಹಾಗೆ ಮಾತಾಡಿದ, ಮಾವನ ಮಾತು ಬೀಳದ ಹಾಗೆ, ಅಪ್ಪನ ಮುಖ ಸಣ್ಣದಾಗದ ಹಾಗೆ. ನೋವಾಗಬಾರದವರ ಪಟ್ಟಿಯಲ್ಲಿ ನಾನು ಇರಲಿಲ್ಲ. ಪಕ್ಕದಲ್ಲಿ ಅವ್ವ ನನ್ನ ಮೊಣಕೈ ಬಿಗಿಯಾಗಿ ಹಿಡಿದುಕೊಂಡಿದ್ದಳು.

ಅಣ್ಣ ಪಂಖ ತಿರುವಿದ. ರೆಕ್ಕೆಯ ಮೇಲೆ ಹೆಬ್ಬೆರಳು ಸವರಿದವನು ಎಡಗಡೆ ತಡೆದ, ಬೆರಳನ್ನು ಮೂಗಿಗೆ ಹಿಡಿದ. ಹೊಸ ಗಂಜಿಯ ವಾಸನೆ ನೇಕಾರನಿಗೆ ಗೊತ್ತಾಗದೆ ಇರುವುದಿಲ್ಲ. ಆದರೆ ಮಂದಿ ಕಾಯುತ್ತಿದ್ದರು. ಮಾವ ವಿಮಾನ ಎತ್ತಿ ಹಿಡಿದು ಓಡಿ ಬಿಟ್ಟ.

ಏರಿತು. ಮೊದಲ ಸುತ್ತು ಎಲ್ಲರ ತಲೆಯ ಮೇಲೆ ಹೋಯಿತು, ಸಂತೆಯವರು ಗಂಟು ಇಳಿಸಿ ಬಾಯಿ ತೆರೆದು ನೋಡಿದರು. ಎರಡನೆಯ ಸುತ್ತಿಗೆ ಎಡಕ್ಕೆ ವಾಲಿತು. ಅಣ್ಣ ದಾರ ಜಗ್ಗಿ ಏರಿಸಿದ, ಮತ್ತೆ ವಾಲಿತು. ಮೂರನೆಯ ಸುತ್ತಿನ ಅರ್ಧಕ್ಕೆ ಎಡ ರೆಕ್ಕೆ ಪೂರಾ ಕೆಳಗಾಗಿ, ದಾರ ಸಡಿಲಾಗಿ, ಕಂದಕದ ಅಂಚಿನ ಪಾಪಾಸುಕಳ್ಳಿಯಲ್ಲಿ ಹೋಗಿ ಬಡಿಯಿತು. ಬಿದಿರು ಮುರಿದ ಸದ್ದು ಗೋಡೆಯ ತನಕ ಕೇಳಿಸಿತು. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು.

ಅಣ್ಣ ಓಡಿಹೋಗಿ ಮುಳ್ಳಿನಲ್ಲಿ ಕೈ ಹಾಕಿ ಎಲ್ಲವನ್ನೂ ಎತ್ತಿದ. ಎಡ ರೆಕ್ಕೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದ. ತಿರುಚಿದ್ದನ್ನು ಕಂಡ. ಕಂಡದ್ದನ್ನು ನಾನು ಕಂಡೆ. ಆ ರೆಕ್ಕೆಯನ್ನು ಮಾತ್ರ ಮಡಚಿ, ಮುರಿದು, ಮೇಲಂಗಿಯ ಒಳಗೆ ತುರುಕಿಕೊಂಡ.

"ಯಾಕೋ, ಏನಾತು?" ಎಂದು ಮಾವ ಕೇಳಿದ.

"ನಂದ ತಪ್ಪರಿ. ದಾರಾ ತಪ್ಪಿ ಜಗ್ಗಿದೆ."

ನನ್ನ ತಲೆಯಲ್ಲಿ ಏನೋ ಹರಿಯಿತು. ಹಾರಿದ್ದನ್ನು ತೆಗೆದುಕೊಂಡ, ವಿಚಾರವನ್ನು ತೆಗೆದುಕೊಂಡ, ಈಗ ನನ್ನ ತಪ್ಪನ್ನೂ ತೆಗೆದುಕೊಂಡು ಅಂಗಿಯೊಳಗೆ ಇಟ್ಟುಕೊಂಡ. ನನ್ನನ್ನು ಕಾಪಾಡುತ್ತಿದ್ದಾನಂತೆ. ಕೊಟ್ಟ ಮಾತಿಗೆ ಬಾರದ ಧೈರ್ಯ ಸುಳ್ಳಿಗೆ ಬಂತು. ಅವ್ವನ ಕೈ ಬಿಡಿಸಿಕೊಂಡು ಬಯಲಿನ ನಡುವೆ ಹೋಗಿ ನಿಂತೆ. ಸೆರಗು ತಲೆಯಿಂದ ಜಾರಿತ್ತು.

"ರೆಕ್ಕಿ ಮಾಡಿದಾಕಿ ನಾನು" ಅಂದೆ. "ದಾರದ ವಿಚಾರ ನಂದು. ಇವತ್ತ ಮುಂಜಾನೆ ಎಡಗಡೆ ರೆಕ್ಕಿಗೆ ಗಂಜಿ ಹಚ್ಚಿ ಕೆಡಿಸಿದಾಕಿನೂ ನಾನು. ಅವನ ಅಂಗಿಯೊಳಗ ಐತಿ, ತಗದು ನೋಡ್ರಿ."

ಮಾವ, "ನಾ ಆಗಲೇ ಅನ್ಕೊಂಡೆ, ಯಾರೋ ಕೈ ಹಚ್ಚ್ಯಾರ ಅಂತ" ಅಂದ. ಮಾಸ್ತರರು ತಲೆ ಅಲ್ಲಾಡಿಸಿ, "ಇಂಥಾದ್ದನ್ನ ಹೆಂಗಸರ ಕೈಯಾಗ ಸಿಗೂಹಂಗ ಇಡಬಾರದು" ಎಂದರು. ಮೂರು ಮಾತು ಹೇಳಿದ್ದೆ. ಮೊದಲಿನ ಎರಡು ಯಾರ ಕಿವಿಗೂ ಹೋಗಲಿಲ್ಲ. ಮೂರನೆಯದನ್ನು ಐವತ್ತು ಮಂದಿ, ಸಾಕ್ಷಿ ಕೇಳದೆ, ಅಂಗಿ ಬಿಚ್ಚಿಸದೆ, ನಿಂತ ನಿಲುವಿನಲ್ಲೇ ನಂಬಿದರು.

ಆಗಲೂ ಹೊತ್ತು ಮೀರಿರಲಿಲ್ಲ. ಅಣ್ಣ ಬಾಯಿ ತೆರೆದ. ನಾನು ಅವನ ಬಾಯಿಯನ್ನೇ ನೋಡುತ್ತಿದ್ದೆ.

"ಬಿಡ್ರಿ" ಅಂದ. "ಸಣ್ಣಾಕಿ ಅದಾಳ. ಗೊತ್ತಿಲ್ಲದ ಮಾಡ್ಯಾಳ."

ಅದೇ ವಾರ ನನ್ನನ್ನು ರಾಮದುರ್ಗಕ್ಕೆ ಬಿಟ್ಟುಬರಲು ಅವನೇ ಗಾಡಿ ಹೂಡಿದ. ಎಲ್ಲವ್ವನಿಗೆ ಕಾಯಿ ಒಡೆಸಬೇಕೆಂದು ಅವ್ವ ಹೇಳಿದ್ದಕ್ಕೆ ಸವದತ್ತಿಯ ದಾರಿ ಹಿಡಿದು ಅವಳ ಗುಡ್ಡದ ಬಳಿಯ ಉಗರಗೋಳದಲ್ಲಿ ಇಳಿದೆವು. ಅಲ್ಲಿ ನನಗೆ ಹಸಿರು ಬಳೆ ಕೊಡಿಸಲು ಬಂದ. ನಾನು ಕೈ ಚಾಚಲಿಲ್ಲ. ಬಳೆಗಾರ ಇಬ್ಬರ ಮುಖವನ್ನೂ ನೋಡಿ ಬಳೆಯನ್ನು ಮತ್ತೆ ಹೆಗಲ ಮೇಲಿನ ಬಳೆಗಳ ಮಲಾರಕ್ಕೆ ಸೇರಿಸಿದ. ರಾಮದುರ್ಗದಲ್ಲಿ ನಾನು ಯಾರಿಗೂ ಏನೂ ಹೇಳಲಿಲ್ಲ. ಕೆಡಿಸಿದವಳು ಎಂದು ಅಲ್ಲಿಯೂ ನಂಬಿಸಿಕೊಳ್ಳುವುದು ಬೇಡವಾಗಿತ್ತು.

ಮುಂದಿನ ಪಂಚಮಿಗೆ ಮತ್ತೆ ಬಂದ. ನನ್ನ ಗಂಡನ ಅಪ್ಪ, ಅಂದರೆ ನಮ್ಮ ಮಾವನವರು, ಕಟ್ಟೆಯ ಮೇಲೆ ಓಣಿಯ ಇಬ್ಬರು ನೇಕಾರರ ಜೊತೆ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ಅಣ್ಣನಿಗೆ ನೀರು ಕೊಟ್ಟೆ, ಬೆಲ್ಲ ಕೊಟ್ಟೆ. ಆಮೇಲೆ ಹೊಸ್ತಿಲಲ್ಲಿ ನಿಂತು ಹೇಳಿದೆ.

"ನಿಂದೊಂದು ಮಾತು ಬಾಕಿ ಐತಿ. ಇಲ್ಲೆ, ಇವರ ಮುಂದ ಹೇಳು. ಹೇಳಿದ್ರ ಗಾಡಿ ಹತ್ತತೇನಿ. ಇಲ್ಲಾಂದ್ರ ಖಾಲಿ ಹೊಡಕೊಂಡು ಹೋಗು."

ಅತ್ತೆ ಒಳಗಿನಿಂದ ಬಾಯಿಗೆ ಸೆರಗು ಹಿಡಿದಳು. ಪಂಚಮಿಗೆ ತಂಗಿಯನ್ನು ಕರೆಯಲು ಬಂದ ಅಣ್ಣ ಖಾಲಿ ಗಾಡಿ ತೆಗೆದುಕೊಂಡು ಊರಿಗೆ ಹೋಗುವ ಹಾಗಿಲ್ಲ. ಹೋದರೆ ತಂಗಿ ಸತ್ತಳು, ಇಲ್ಲವೇ ಬಾಂಧವ್ಯ ಸತ್ತಿತು ಎಂದು ಓಣಿಯ ಪ್ರತಿ ಬಾಗಿಲಲ್ಲೂ ಕೇಳುತ್ತಾರೆ. ಅದು ಗೊತ್ತಿದ್ದೇ ನಾನು ಒಂದು ವರ್ಷ ಕಾದಿದ್ದೆ.

ಅಣ್ಣ ರುಮಾಲು ತೆಗೆದ. ಮತ್ತೆ ಸುತ್ತಿಕೊಂಡ. ಕಟ್ಟೆಯವರ ಕಡೆ ತಿರುಗಿ, ಮಂತ್ರ ಹೇಳುವವನ ಹಾಗೆ ಒಂದೇ ಉಸಿರಿಗೆ ಅಂದ: "ಹ್ವಾದ ವರ್ಷ ಕಿತ್ತೂರಾಗ ಹಾರಿದ ವಿಮಾನದ ರೆಕ್ಕಿ ನಮ್ಮ ತಂಗಿ ಮಾಡಿದ್ದರಿ. ದಾರದ ವಿಚಾರನೂ ಅಕೀದ."

ಮಾವನವರು ಅಡಕೊತ್ತು ಕೆಳಗಿಟ್ಟರು. ಪಕ್ಕದವರ ಮುಖ ನೋಡಿದರು, ಅವರು ಇವರ ಮುಖ ನೋಡಿದರು.

"ಯಾವ ವಿಮಾನ?" ಎಂದು ಕೇಳಿದರು.

ಅಣ್ಣ ನನ್ನ ಕಡೆ ನೋಡಿದ. ನಾನು ಒಳಗೆ ಹೋಗಿ ಗಂಟು ತಂದು ಗಾಡಿ ಹತ್ತಿದೆ. ಆಡಿದ ಮಾತಿಗೆ ನಡೆಯಬೇಕಲ್ಲ, ನಮ್ಮಿಬ್ಬರಲ್ಲಿ ಒಬ್ಬರಾದರೂ.

ಗಾಡಿ ಸಾಲಹಳ್ಳಿ ದಾಟಿತು. ಆಮೇಲೆ ಅವನು ಎತ್ತಿನ ಬೆನ್ನು ನೋಡುತ್ತಲೇ, "ಈಗರ ಸಿಟ್ಟ ಇಳೀತ?" ಎಂದು ಕೇಳಿದ.

"ಕಿತ್ತೂರಿಗೆ ಹೊಡಿ ಗಾಡಿ" ಅಂದೆ. "ಅಲ್ಲೆ ಹೇಳು."

ಅವನು ಬೈಲಹೊಂಗಲದ ದಾರಿಗೇ ಹೊಡೆದ.